ಮೊದಲು ನೀರು ಬರೆಸಿದ ಅಕ್ಕೋರು

ಅವರ ಬಲಗೈ ಹೆಬ್ಬೆರಳು ಸದಾ ನೀಲಿ. ಕಮಲಾಪುರದ ನಮ್ಮ ಶಾಲೆಯ ಭೂಗೋಳದ ಅಕ್ಕೋರು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹಳ್ಳ ಬರೆದು, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಅದನ್ನು ಹರಿಸುತ್ತಿದ್ದರು. ನಕಾಶೆಯಲ್ಲಿ ಯಾರಾದರೂ ಮೊದಲು ಮನೆ ಬರೆದರೋ, ಮುಗಿಯಿತು ಕಥೆ! "ಮೊದಲ ನೀರು ಬರೀರಿ, ಆಮ್ಯಾಗ ಊರು," ಎಂದು ರಬ್ಬರು ಕೈಗೆ ಕೊಡುತ್ತಿದ್ದರು.

ದೊಡ್ಡವಳಾಗಿ ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಲೇಔಟ್ ನಕಾಶೆ ಬರೆಯುವ ಕಚೇರಿ ಸೇರಿದೆ. ಕೋಟನೂರ ಕಡೆಯ ಹೊಲವೊಂದನ್ನು ಪ್ಲಾಟುಗಳಾಗಿ ಬರೆದದ್ದೇ ನನ್ನ ಮೊದಲ ಸ್ವಂತ ಕೆಲಸ. ಸೀರೆ ಕೊಳ್ಳಲು ಪೇಟೆಗೆ ಬಂದಿದ್ದ ಅಕ್ಕೋರನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇಲ್ಲಿ ಹಳ್ಳ ಇತ್ತಲ್ಲ, ಎಲ್ಲಿಗಿ ಹೋತು?"

"ಒಣಾ ಹಳ್ಳರೀ ಅಕ್ಕೋರ. ಮುಚ್ಚಿ ಪ್ಲಾಟ್ ಮಾಡ್ತಾರ."

"ನೀರಿಗಿ ನಿನ್ನ ನಕಾಶಿ ಓದಾಕ ಬರ್ತದೇನ?"

ಸೀರೆ ಕೊಳ್ಳುವುದು ಅಲ್ಲಿಗೇ ಉಳಿಯಿತು. ಕಚೇರಿಯಲ್ಲೇ ಕೂತಿದ್ದ ಲೇಔಟಿನ ಮಾಲೀಕರನ್ನೂ ನನ್ನನ್ನೂ ಆಟೋಕ್ಕೆ ಹತ್ತಿಸಿಕೊಂಡು ಅಕ್ಕೋರು ಕೋಟನೂರಿಗೆ ಹೊರಟೇಬಿಟ್ಟರು! ಹಳ್ಳದ ದಂಡೆಯ ಜಾಲಿ ಮುಳ್ಳಿಗೆ ಹಳೆಯ ಹುಲ್ಲು, ಪ್ಲಾಸ್ಟಿಕ್, ತೊಗರಿ ಕಟ್ಟಿಗೆ ಸಿಕ್ಕಿಕೊಂಡಿತ್ತು, ಮಾಲೀಕರ ಎದೆಮಟ್ಟಕ್ಕೆ.

"ಈ ಕಸಾ ಇಷ್ಟು ಎತ್ತರಕ್ಕ ಯಾರು ತಂದಿಟ್ಟಾರ್ರೀ, ಸಾಹುಕಾರ?"

"ಹಳ್ಳ ಬಿಟ್ಟರ ಒಂದು ಸಾಲು ಪ್ಲಾಟೇ ಹೋಗ್ತಾವಲ್ರೀ!" ಎಂದ ಮಾಲೀಕರು ನನ್ನತ್ತ ತಿರುಗಿ ಕಣ್ಣು ಕೆಂಪಗೆ ಮಾಡಿದರು. "ಏನಮ್ಮಾ, ನಕಾಶಿ ನಿಂದು. ನೀ ಏನಂತಿ?"

ಕೆಲಸ ಹೋಯಿತೆಂದೇ ತಿಳಿದೆ. ಆದರೂ ಅಂದುಬಿಟ್ಟೆ: "ಹಳ್ಳ ಬಿಟ್ಟೇ ಬರೀತೀನ್ರೀ. ಬ್ಯಾಡಂದ್ರ ಬ್ಯಾರೆಯವರ ಕಡಿಂದ ಬರಸ್ರಿ."

ಅವರು ಜಾಲಿಯನ್ನು ಮತ್ತೊಮ್ಮೆ ದಿಟ್ಟಿಸಿದರು. "ಆತು ಬಿಡು," ಎಂದರು.

ಮನೆಗಳು ಎದ್ದ ಮೇಲೆ ಒಂದು ಮುಂಜಾನೆ ದೊಡ್ಡ ಮಳೆ ಹಿಡಿಯಿತು. ಅಕ್ಕೋರು ಕಮಲಾಪುರದಿಂದ ಬಸ್ ಹತ್ತಿ, ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಬಂದೇಬಿಟ್ಟರು. ನಾವು ಕೋಟನೂರಿನ ದಂಡೆಯಲ್ಲಿ ನಿಂತು ನೋಡುತ್ತಿದ್ದಂತೆ ಕೆಸರು ನೀರು ಹಳ್ಳದ ಗುಂಟ ಧೋ ಎಂದು ನುಗ್ಗಿ ಬಂತು.

"ಬಂತು ನೋಡ! ದಾರಿ ಮರತಿಲ್ಲ ನೋಡ!" ಅಕ್ಕೋರು ಚಪ್ಪಾಳೆ ತಟ್ಟಿ ಕುಣಿದರು. ನಾನೂ ಕುಣಿದೆ. ಅಬ್ಬಾ, ಆ ಖುಷಿ!

ಹೋದ ವರ್ಷ ಅಕ್ಕೋರು ತೀರಿಕೊಂಡರು. ಈಗಲೂ ನಾನು ಯಾವ ನಕಾಶೆಗೆ ಕೂತರೂ ಮೊದಲು ಎತ್ತಿಕೊಳ್ಳುವುದು ನೀಲಿ ಪೆನ್ಸಿಲು. ಈ ಮಳೆಗಾಲದಲ್ಲೂ ಕೋಟನೂರ ಹಳ್ಳ ತುಂಬಿ ಬಂತು, ನೋಡಲು ಹೋದೆ. ದಂಡೆಯ ಮನೆಗಳಲ್ಲಿ ಒಂದು ಹೊಸ್ತಿಲೂ ನೆನೆದಿರಲಿಲ್ಲ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಕೊಡೆ ಕೆಳಗಿಟ್ಟು, ಒಬ್ಬಳೇ ಚಪ್ಪಾಳೆ ತಟ್ಟಿ ಕೂಗಿದೆ: "ಬಂತು ನೋಡ್ರೀ, ಅಕ್ಕೋರ!"