ಇರ್ಯಾ ನೋಡಿ ಕೊಟ್ಟ ತಕ್ಕಡಿ

ಉತ್ತರದ ಚಳಿನಾಡಿನ ಕುಹ್ಮೊ ಪಟ್ಟಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇಟೆ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರ್ಯಾ ಮೊಯ್ಲನೆನ್ ನನ್ನೆದುರು ಕೋಟು ಬಿಚ್ಚದೆಯೇ ಕೂತಿದ್ದಾರೆ. ಹೀಟರಿನ ಫ್ಯಾನ್ ಹಾಕುವಂತಿಲ್ಲ. ಅದರ ಗಾಳಿಗೆ ತಕ್ಕಡಿಯ ಅಂಕಿ ಕುಣಿಯುತ್ತದೆ. ಮೇಜಿನ ಮೇಲೆ ಹೊಸದಾಗಿ ಬಂದ ಮೂರು ಡಿಜಿಟಲ್ ತಕ್ಕಡಿಗಳು ಆಗಲೇ ಚಾಲೂ ಆಗಿ ಹದಕ್ಕೆ ಬಂದಿವೆ. ಇರ್ಯಾ ಚಿಮಟದಲ್ಲಿ ತೂಕದ ಬಟ್ಟು ಹಿಡಿದು ತಟ್ಟೆಯ ಮೇಲೆ ಇಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ತಟ್ಟೆ ಬರಿದಾದ ಮೇಲೂ ಸೊನ್ನೆಗೆ ಮರಳದ ತಕ್ಕಡಿ ವಾಪಸು ಹೋಗಲು ಮತ್ತೆ ಡಬ್ಬಿ ಸೇರುತ್ತದೆ.

ಇಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುವವರಲ್ಲಿ ಬಹಳ ಮಂದಿ ತೋಟಾ ತುಂಬಿಕೊಳ್ಳುವುದು ಮನೆಯಲ್ಲೇ. ಹಾರಿಸಿದ ಹಿತ್ತಾಳೆ ಕೋಶಕ್ಕೆ ಮತ್ತೆ ತೂಗಿದ ಮದ್ದು, ಮತ್ತೆ ಗುಂಡು. ಮದ್ದು ಮಿತಿ ಮೀರಿದರೆ ಬಂದೂಕು ಹಿಡಿದವನಿಗೇ ಕುತ್ತು.

ಇರ್ಯಾ ಇದನ್ನು ಕಲಿತದ್ದು ಮನೆಯಲ್ಲಿ. ಗಂಡ ತೌನೊ ಅಗ್ಗಕ್ಕೆ ಸಿಕ್ಕ ತಕ್ಕಡಿಯನ್ನು ಕಿಟಕಿಯ ಪಕ್ಕದಲ್ಲಿಟ್ಟು ಮದ್ದು ತೂಗುತ್ತಿದ್ದರು. ಕಿಟಕಿ ಸಂದಿಯ ಗಾಳಿಗೆ ಅಂಕಿ ಮೆಲ್ಲಗೆ ಜಾರುತ್ತಿದ್ದುದು, ಮದ್ದು ಹೆಚ್ಚಾಗುತ್ತಿದ್ದುದು ಗೊತ್ತಾಗಲಿಲ್ಲ. ಗುರಿ ಮೈದಾನದಲ್ಲಿ ರೈಫಲ್ ಮುಖದೆದುರೇ ಸಿಡಿಯಿತು. ಜೀವ ಉಳಿಯಿತು. ಬಲಗಣ್ಣು ಹೋಯಿತು, ಕಿವಿ ಕೇಳದಾಯಿತು.

“ಅವರಿಗೆ ಕೇಳಿಸ್ತಿರಲಿಲ್ಲ. ನಾನೂ ಮಾತಾಡೋದು ಬಿಟ್ಟೆ. ಒಂದೇ ಮೇಜಲ್ಲಿ ಉಣ್ತಿದ್ವಿ, ಅಷ್ಟೇ” ಎನ್ನುತ್ತಾರೆ ಇರ್ಯಾ. ತೌನೊ ತೀರಿಕೊಂಡು ನಾಲ್ಕು ಚಳಿಗಾಲ ಕಳೆದಿವೆ. ಮನೆಯ ಮೌನ ಮಾತ್ರ ಹಾಗೇ ಇದೆ.

ಕಳೆದ ಶರತ್ಕಾಲದಲ್ಲಿ, ಎಲ್ಕ್ ಬೇಟೆ ಶುರುವಾಗುವ ವಾರ, ಮರ ಕಡಿಯುವ ಯಂತ್ರ ಓಡಿಸುವ ಆರ್ವಿ ಪೀರೈನೆನ್ ಅಂಗಡಿಗೆ ಬಂದ. ಜೇಬಿನಲ್ಲಿ ಹಿಡಿಸುವ ಹೊಸ ತಕ್ಕಡಿ ತೋರಿಸಿ, ಇಲ್ಲಿನ ಅರ್ಧ ಬೆಲೆಗೆ ತರಿಸಿಕೊಂಡೆ ಎಂದು ಕಿಚಾಯಿಸಿದ. ಇರ್ಯಾ ಅದರ ಬಟ್ಟಲಿಗೆ ಮದ್ದು ಸುರಿದು, ಮೇಲೆ ಒಂದೊಂದೇ ಕಾಳು ಉದುರಿಸುತ್ತ ಹೋದರು. ಅಂಕಿ ಅಲುಗಲಿಲ್ಲ. ಬಟ್ಟಲನ್ನು ಎತ್ತಿ ಮತ್ತೆ ಇಟ್ಟಾಗ ಒಮ್ಮೆಲೇ ಮೇಲಕ್ಕೆ ಜಿಗಿಯಿತು.

“ಮನೇಲಿ ನೀನೂ ಹೀಗೇ ಹಾಕ್ತಾನೇ ಇದ್ದೆ, ಇದು ನಿದ್ದೆ ಮಾಡ್ತಿತ್ತು” ಎಂದರು. ಆ ತಕ್ಕಡಿಯಲ್ಲಿ ತೂಗಿ ತುಂಬಿದ ತೋಟಾಗಳೆಷ್ಟಿವೆ ಎಂದು ಕೇಳಿದರು. ಡಬ್ಬಿ ತುಂಬ ಇದ್ದವು. ಎಲ್ಲವನ್ನೂ ಬಿಚ್ಚಬೇಕೆಂದಾಗ ಆರ್ವಿಯ ಮುಖ ಕೆಂಪಾಯಿತು.

“ನಿಮ್ಮ ತಕ್ಕಡಿ ಮಾರೋಕೆ ಹೀಗೆ ಹೆದರಿಸ್ತೀರಾ, ಇರ್ಯಾಕ್ಕ?”

“ನನ್ನ ಹತ್ರ ತಗೋಬೇಡ ಕಣೋ. ಆ ತೋಟಾ ಮಾತ್ರ ಹಾರಿಸ್ಬೇಡ.”

ಅವನು ಬಾಗಿಲು ಬಡಿದು ಹೋದ. ಆ ರಾತ್ರಿ ಇರ್ಯಾಗೆ ನಿದ್ದೆ ಹತ್ತಲಿಲ್ಲ. ಬೇಟೆಗೆ ಹೊರಡುವ ಮುನ್ನಾದಿನ ನಸುಕಿನಲ್ಲೇ ಅಂಗಡಿಯ ಹಿಂಬಾಗಿಲು ತಟ್ಟಿದ ಸದ್ದು. ಆರ್ವಿ ಡಬ್ಬಿ ಹಿಡಿದು ನಿಂತಿದ್ದ.

ಇಬ್ಬರೂ ಕೂತು ಒಂದೊಂದೇ ತೋಟಾದ ಗುಂಡು ಕಿತ್ತು, ಮದ್ದು ಸುರಿದು ತೂಗಿದರು. ಒಂದರಂತೆ ಇನ್ನೊಂದಿರಲಿಲ್ಲ. ಕೆಲವಂತೂ ಮಿತಿಯನ್ನು ಚೆನ್ನಾಗಿಯೇ ದಾಟಿದ್ದವು. ಆರ್ವಿ ಅವುಗಳ ಮದ್ದನ್ನು ತಾನೇ ಇನ್ನೊಮ್ಮೆ ತೂಗಿ ನೋಡಿದ. ಆಮೇಲೆ ತನ್ನ ಹೆಂಡತಿಯ ಬಗ್ಗೆ, ಬೇಟೆನಾಯಿಯ ಬಗ್ಗೆ ಮಾತಾಡಿದ. ಇರ್ಯಾ ಆರಿಸಿಕೊಟ್ಟ ತಕ್ಕಡಿ ಕೊಂಡುಹೋದ. ಬೇಟೆಯಿಂದ ಕ್ಷೇಮವಾಗಿ ಮರಳಿದ ಸುದ್ದಿ ಇರ್ಯಾಗೆ ಬೇರೆಯವರ ಬಾಯಿಂದ ತಿಳಿಯಿತು.

ಅವನು ಮತ್ತೆ ಬಂದಿಲ್ಲವೇ ಎಂದು ಕೇಳುತ್ತೇನೆ. ಇರ್ಯಾ ಚಿಮಟವನ್ನು ಒರೆಸಿ ಪಕ್ಕಕ್ಕಿಡುತ್ತಾರೆ.

“ಒಳ್ಳೆ ತಕ್ಕಡಿ ತಗೊಂಡು ಹೋದವರು ಯಾಕೆ ಬರ್ತಾರೆ? ಕೆಟ್ಟರೆ ತಾನೆ ಬರೋದು. ಅದು ಕೆಡಬಾರದು ಅಂತಾನೇ ನಾನು ನೋಡಿ ಕೊಡೋದು.” ತಕ್ಕಡಿಯ ಡಬ್ಬಿ ಮುಚ್ಚುತ್ತ ಸೇರಿಸುತ್ತಾರೆ: “ಸುಮ್ನೆ ಬಂದು ಕೂತರೂ ಆಗುತ್ತೆ. ಅದು ಅವರಿಗೆ ಗೊತ್ತಿಲ್ಲ ಅನ್ಸುತ್ತೆ.”