ಮೀನಿನ ಗಡಿಗೆ, ಅತ್ತಿಮರದ ಪೆಟ್ಟಿಗೆ

ಊರಿನಲ್ಲಿ ಯಾರ ಮನೆಯ ಕೂಸು ಕಣ್ಣು ಮುಚ್ಚಿದರೂ ಮೊದಲು ಕರೆ ಹೋಗುತ್ತಿದ್ದುದು ತಾಗೇಮಿಗೆ. ಅವಳೇನು ಸೂಲಗಿತ್ತಿಯಲ್ಲ, ಪೂಜಾರಿಯ ಮನೆಯವಳೂ ಅಲ್ಲ. ರಾಜರ ಗೋರಿ ಕೊರೆಯುವ ಕಲ್ಲುಕುಟಿಗ ಕೆನ್ನಾನ ಹೆಂಡತಿ, ಅಷ್ಟೇ. ಆದರೆ ಹೆತ್ತ ಮೂವರನ್ನೂ ಪೂರ್ವದ ದಿಬ್ಬದ ಬುಡದಲ್ಲಿ ಮಲಗಿಸಿ ಬಂದವಳು. ಎಳೆಮೈಗೆ ಎಷ್ಟು ಸುತ್ತು ಬಟ್ಟೆ ಬೇಕು, ಹೂಳುವ ಗಡಿಗೆಯ ಕತ್ತನ್ನು ಎಲ್ಲಿ ಒಡೆದರೆ ಕೂಸು ಒಳಗೆ ಹಿಡಿಯುತ್ತದೆ, ಎಷ್ಟು ಆಳ ಅಗೆದರೆ ನರಿ ಮುಟ್ಟುವುದಿಲ್ಲ, ಎಲ್ಲ ಅವಳಿಗೆ ಗೊತ್ತಿತ್ತು. ಇಂಥ ತಿಳಿವಳಿಕೆಗೆ ಯಾರಾದರೂ ಹೆಮ್ಮೆಪಡುತ್ತಾರೆಯೇ? ತಾಗೇಮಿ ಪಡುತ್ತಿದ್ದಳು, ಒಂದಿಷ್ಟು. ಹೇಳಿಕೊಳ್ಳಲು ಅವಳಿಗೆ ಬೇರೇನೂ ಇರಲಿಲ್ಲ.

ಗೋಡೆಯಾಚೆಗೆ ಓರಗಿತ್ತಿ ಹುನೆರೊ, ಮೈದುನ ಇಪುಯಿಯ ಹೆಂಡತಿ. ಅವಳು ಐದು ಹೆತ್ತಿದ್ದಳು, ಐದೂ ಬದುಕಿದ್ದವು. ಇಬ್ಬರೂ ಮಕ್ಕಳ ಕತ್ತಿಗೆ ಕಟ್ಟಿದ್ದು ಅದೇ ಕುಳ್ಳ ದೇವರ ತಾಯಿತ, ಇಬ್ಬರೂ ಹರಕೆ ಹೊತ್ತಿದ್ದು ಹೆರಿಗೆ ಕಾಯುವ ಅದೇ ಬಸುರಿ ನೀರಾನೆಯಮ್ಮನಿಗೆ. ಅಮ್ಮನಿಗೆ ಗೋಡೆಯ ಆ ಕಡೆ ಮಾತ್ರ ಕಣ್ಣು ಕಾಣುತ್ತದೆಯೇ ಎಂದು ತಾಗೇಮಿಯ ಹೊಟ್ಟೆ ಉರಿಯುತ್ತಿತ್ತು. ಹುನೆರೊಗೋ ಬಾಯಿಗೆ ಲಂಗುಲಗಾಮಿಲ್ಲ. ಒಂದು ಬೆಳಗ್ಗೆ ಇಬ್ಬರೂ ಹಿಟ್ಟು ಅರೆಯುತ್ತ ಕೂತಿದ್ದಾಗ ನಿಟ್ಟುಸಿರು ಬಿಟ್ಟಳು.

"ಈ ಮಕ್ಕಳ ಕಾಟ ಸಾಕಾಗ್ಹೋಗಿದೆ ಅಕ್ಕ. ಒಂದು ಗಳಿಗೆ ಸುಮ್ನಿರಲ್ಲ."

"ಹೌದು ಕಣೆ," ಎಂದಳು ತಾಗೇಮಿ. "ನನ್ನವು ನೋಡು, ಎಷ್ಟು ಸುಮ್ನಿವೆ."

ಹುನೆರೊಳ ಮುಖ ಸಣ್ಣಗಾದದ್ದನ್ನು ನೋಡಿ ತಾಗೇಮಿಗೆ ಆ ದಿನ ರೊಟ್ಟಿ ಸ್ವಲ್ಪ ರುಚಿಸಿತು.

ಬರೀ ಮಕ್ಕಳ ಲೆಕ್ಕವಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಸಹಿಸಲಾಗದ್ದು ಇನ್ನೊಂದಿತ್ತು. ಮೂರನೆಯದು ಹೆಣ್ಣು. ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಡುತ್ತಿತ್ತೆಂದು ಬೆಕ್ಕಿನ ಹೆಸರನ್ನೇ ಇಟ್ಟಿದ್ದಳು, ತಾಮೀತ್ ಎಂದು. ಒಂಬತ್ತು ದಿನ ಇತ್ತು. ಮೊದಲ ಎರಡಕ್ಕೆ ಬುಟ್ಟಿ, ಗಡಿಗೆ ಆಗಿದ್ದವು. ಇದಕ್ಕಾದರೂ ಮರದ್ದು ಇರಲಿ ಎಂದು ಬಡಗಿಯಾದ ಇಪುಯಿಯ ಬಾಗಿಲಿಗೆ ಹೋಗಿ ನಿಂತಿದ್ದಳು.

"ಒಂಬತ್ತು ದಿನದ ಕೂಸಿಗೆ ಮರ ಯಾಕತ್ತಿಗೆ?" ಎಂದಿದ್ದ ಇಪುಯಿ. "ಈ ಬೋಳು ಬೆಟ್ಟದಲ್ಲಿ ಮರ ಎಲ್ಲಿಂದ ತರ್ಲಿ? ಗಡಿಗೇಲಿಡಿ. ಎಲ್ರೂ ಅದನ್ನೇ ಅಲ್ವಾ ಮಾಡೋದು."

ಎಲ್ಲರೂ ಮಾಡುತ್ತಿದ್ದುದು ಅದನ್ನೇ, ಸುಳ್ಳಲ್ಲ. ಮನೆಯಲ್ಲಿದ್ದುದು ಉಪ್ಪುಮೀನಿನ ಗಡಿಗೆ. ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಅದರಲ್ಲೇ ಮಗಳನ್ನಿಟ್ಟು ಗಡಿಗೆಯ ಬಾಯಿಗೆ ಮಣ್ಣು ಮೆತ್ತಿ ಬಂದಳು. ಬೆಕ್ಕಲ್ಲವೇ, ಮೀನಿನ ವಾಸನೆ ಇಷ್ಟವಾಗಿರುತ್ತದೆ ಬಿಡು ಎಂದು ಕೆನ್ನಾ ಸಮಾಧಾನ ಹೇಳಲು ನೋಡಿದ. ಒಂದು ತಿಂಗಳು ಅವಳು ಗಂಡನ ಜೊತೆ ಮಾತು ಬಿಟ್ಟಿದ್ದಳು.

ತಾಮೀತ್ ಹೋಗಿ ಎರಡು ವರ್ಷವಾಗಿತ್ತು. ನದಿಯ ನೆರೆ ಇಳಿಯುವ ಕಾಲಕ್ಕೆ ಹುನೆರೊಳ ಕೊನೆಯ ಕೂಸು, ಐದು ತಿಂಗಳ ನಖಿ, ವಾಂತಿಭೇದಿಯಿಂದ ಮೂರೇ ದಿನದಲ್ಲಿ ಹೋಗಿಬಿಟ್ಟಿತು. ಸುದ್ದಿ ಕೇಳಿದಾಗ ತಾಗೇಮಿಯ ಮನಸ್ಸಿಗೆ ಮೊದಲು ಬಂದ ಮಾತನ್ನು ಮುಚ್ಚಿಡುವುದೇಕೆ? ಈಗ ಗೊತ್ತಾಗುತ್ತದೆ ಇವಳಿಗೆ, ಎಂದುಕೊಂಡಳು. ಅಳು ಆಮೇಲೆ ಬಂತು, ಅದೂ ನಿಜವಾದ ಅಳುವೇ.

ಕೂಸಿಗೆ ಬಟ್ಟೆ ಸುತ್ತಿ ಅಂಗಳಕ್ಕೆ ತಂದರೆ ಅಲ್ಲಿ ಪೆಟ್ಟಿಗೆ ಸಿದ್ಧವಾಗಿ ಕೂತಿತ್ತು. ಅತ್ತಿಮರದ್ದು. ಮೇಲೆ ಬಿಳಿ ಸುಣ್ಣ, ಅದರ ಮೇಲೆ ಹಳದಿ ಪಟ್ಟೆ. ಯಾರಿಗೋ ಕುರ್ಚಿ ಮಾಡಲು ಎತ್ತಿಟ್ಟಿದ್ದ ಹಲಗೆಯನ್ನು ಇಪುಯಿ ಕೊಯ್ದುಬಿಟ್ಟಿದ್ದ. ತಾಗೇಮಿ ಅದರ ಮೇಲೆ ಕೈಯಾಡಿಸಿದಳು. ಎಷ್ಟು ನಯವಾಗಿ ಉಜ್ಜಿದ್ದ ಪುಣ್ಯಾತ್ಮ.

"ಬೋಳು ಬೆಟ್ಟದಲ್ಲಿ ಮರ ಸಿಕ್ತಲ್ಲಪ್ಪ," ಎಂದಳು.

ಇಪುಯಿ ಮಗನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೆಗಲಿಗೇರಿಸಿಕೊಂಡ.

ದಿಬ್ಬದ ಬುಡಕ್ಕೆ ಬಂದಾಗ ಹುನೆರೊ ಅವಳ ಸೆರಗು ಹಿಡಿದುಕೊಂಡಳು. "ಅಕ್ಕ, ನಿನ್ನ ಮಕ್ಕಳ ಹತ್ರಾನೇ ಇಡೋಣ. ಇವನು ಒಂದು ದಿನಾನೂ ಒಬ್ನೇ ಮಲಗಿದೋನಲ್ಲ."

ತಾಗೇಮಿ ಹಾರೆ ತೆಗೆದುಕೊಂಡಳು. ತನ್ನ ಮೂವರು ಎಲ್ಲೆಲ್ಲಿದ್ದಾರೆಂದು ಅವಳಿಗೆ ಗೇಣು ಗೇಣು ಗೊತ್ತು. ಎರಡು ಮೊಳ ಆಚೆ ಅಗೆಯಬಹುದಿತ್ತು, ಅಗೆಯಲಿಲ್ಲ. ತಾಮೀತ್ ಇದ್ದ ಜಾಗಕ್ಕೇ ಹಾರೆ ಹಾಕಿದಳು. ಇವರು ನೋಡಲಿ ಎಂಬುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ಹಾರೆ ಗಡಿಗೆಗೆ ತಾಗಿ, ಮೊದಲೇ ಕತ್ತು ಮುರಿದಿದ್ದ ಗಡಿಗೆ ಎರಡು ಹೋಳಾಯಿತು. ಒಳಗೆ ಅಂಗೈಯಗಲದ ಬಟ್ಟೆಯ ಗಂಟು.

"ಇಲ್ಲಿದ್ದಾಳೆ ನೋಡಿ ನನ್ನ ಮಗಳು," ಎಂದಳು. "ಮೀನಿನ ಗಡಿಗೇಲಿ. ನಿಮ್ಮ ಮಗನ ಪೆಟ್ಟಿಗೆ ಎಲ್ಲಿಡ್ಲಿ ಹೇಳಿ, ಇವಳ ತಲೆ ಹತ್ರಾನಾ, ಕಾಲ ಹತ್ರಾನಾ?"

ಹುನೆರೊ ಬಗ್ಗಿ ಆ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಪೆಟ್ಟಿಗೆ ತೆರೆದು ನಖಿಯ ಪಕ್ಕದಲ್ಲಿಟ್ಟಳು.

"ಮುಚ್ಚಳ ಕೂರಲ್ಲ ಕಣೆ," ಎಂದ ಇಪುಯಿ.

ಹುನೆರೊ ಮಗನಿಗೆಂದು ತುಂಬಿದ್ದ ರೊಟ್ಟಿ, ಖರ್ಜೂರ, ಮಡಿಸಿದ ಹೊಸ ಬಟ್ಟೆ ಒಂದೊಂದನ್ನೇ ಹೊರಗೆ ತೆಗೆದಳು. "ಈಗ ಕೂರಿಸು," ಎಂದಳು. ಮುಚ್ಚಳ ಕೂತಿತು. ಇಪುಯಿ ಹಗ್ಗ ಬಿಗಿದ.

ತಾಗೇಮಿಗೆ ಬೇಕಾದ ಪೆಟ್ಟಿಗೆ ಕೊನೆಗೂ ಸಿಕ್ಕಿತ್ತು. ಮನೆಗೆ ಬಂದು ಕೂತ ಮೇಲೆ, ಮಗಳನ್ನು ತಾನೇ ಎತ್ತಿ ಹುನೆರೊಳ ಮನೆಗೆ ಕೊಟ್ಟು ಬಂದೆನೇನೋ ಎನ್ನಿಸತೊಡಗಿತು. ಗೋಡೆಯಾಚೆ ಉಳಿದ ನಾಲ್ಕು ಮಕ್ಕಳ ಗಲಾಟೆ ಕೇಳುತ್ತಿತ್ತು. ಐದನೆಯದರ ಜಾಗಕ್ಕೆ ತಾಮೀತ್ ಸೇರಿಕೊಂಡಳೇ ಎಂದು ಅವಳು ದಿನಗಟ್ಟಲೆ ಒಳಗೊಳಗೇ ಬೆಂದಳು.

ಸತ್ತವರಿಗೆ ಎಡೆ ಒಯ್ಯುವ ಹಬ್ಬ ಬಂತು. ತಾಗೇಮಿ ರೊಟ್ಟಿ ಬೇಯಿಸಿಕೊಂಡು ದಿಬ್ಬ ಮುಟ್ಟುವಷ್ಟರಲ್ಲಿ ಹುನೆರೊ ಆಗಲೇ ಅಲ್ಲಿದ್ದಳು, ನೀರು ಹೊಯ್ಯುತ್ತ ಕರೆಯುತ್ತಿದ್ದಳು. "ತಾಮೀತ್, ನಖಿ, ಬನ್ರೋ, ತಿನ್ನಿ."

ಮಗಳ ಹೆಸರು ಮೊದಲು ಬಂದಿತ್ತು, ಹುನೆರೊಳ ಸ್ವಂತ ಮಗನ ಹೆಸರಿಗಿಂತ ಮೊದಲು. ಅದು ಪ್ರೀತಿಯೆಂದು ತಾಗೇಮಿಗೂ ತಿಳಿಯಿತು. ತಿಳಿದರೂ ಹೊಟ್ಟೆಕಿಚ್ಚು ಕೇಳಲಿಲ್ಲ.

"ಅವಳನ್ನ ನೀನು ಕರೀಬೇಡ," ಎಂದಳು. "ನಾನಿದ್ದೀನಿ."

ಹುನೆರೊ ನೀರಿನ ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. "ಕರಿ ಅಕ್ಕ. ಆಮೇಲೆ ನಾನು ನನ್ನ ಮಗನ್ನ ಕರೀತೀನಿ."

ತಾಗೇಮಿ ಕರೆದಳು. ಒಂಬತ್ತು ದಿನಗಳಲ್ಲಿ ಆ ಹೆಸರು ಅವಳ ಬಾಯಿಗೆ ಇನ್ನೂ ರೂಢಿಯಾಗಿರಲಿಲ್ಲ. ಇನ್ನೊಮ್ಮೆ ಕರೆದಳು. ಹುನೆರೊ ತನ್ನ ಸರದಿಗೆ ಕಾಯುತ್ತ ನಿಂತಿದ್ದಳು. ತಾಗೇಮಿ ತಂಬಿಗೆ ಕೊಡದೆ ಮತ್ತೆ ಮಗಳನ್ನೇ ಕರೆದಳು.