ಆಯುಧಪೂಜೆಯ ದಿನ ಬೋಲ್ಟನ ಹೊಟ್ಟೆ

ಬನ್ನಿಮಂಟಪದ ಹಿಂಬದಿಯಲ್ಲಿ ಗೇಟು, ಗ್ರಿಲ್ಲು ಬೆಸೆಯುವ ನಂಜುಂಡಸ್ವಾಮಿ ವರ್ಷವಿಡೀ ಹತಾರಗಳನ್ನು ಬೈದುಕೊಂಡೇ ಕೆಲಸ ಮಾಡುವವನು. ಸುತ್ತಿಗೆ ಕೈಗೆ ಸಿಗದಿದ್ದರೆ ಅದರ ವಂಶವನ್ನೇ ಎತ್ತಾಡುತ್ತಾನೆ. ಆಯುಧಪೂಜೆಯ ಒಂದು ದಿನ ಮಾತ್ರ ಅವೆಲ್ಲ ಅವನಿಗೆ ಸಾಕ್ಷಾತ್ ಚಾಮುಂಡಿ. ಅಂದು ಸ್ಪ್ಯಾನರನ್ನು ಬೆರಳಲ್ಲಿ ಮುಟ್ಟಿದರೂ ಮಹಾಪಾಪ. ಮಿಕ್ಸಿಗೂ ವಿಭೂತಿ ಬಳಿದು ಕೂರಿಸಿಬಿಡುವುದರಿಂದ ಹೆಂಡತಿ ಕುಸುಮ ಚಟ್ನಿಯನ್ನು ಒರಳಲ್ಲಿ ರುಬ್ಬಬೇಕು. ಕಾರು, ಮೊಬೈಲು, ಟೀವಿಯ ರಿಮೋಟಿಗೆ ವಿನಾಯಿತಿ ಉಂಟು. ಅವು ಯಜಮಾನರು ಬಳಸುವ ಆಯುಧಗಳು.

ಹೋದ ವರ್ಷ ಇದೇ ದಿನ ಡಾಕ್ಟರ್ ಸುದರ್ಶನ ಅಂಗಡಿಗೆ ಬಂದಿದ್ದರು. ಎರಡು ರಸ್ತೆ ಆಚೆ ಅವರದು ಪ್ರಾಣಿಗಳ ಕ್ಲಿನಿಕ್ಕು. ನಾಯಿ ಇರಿಸುವ ಬೋನಿನ ಬಾಗಿಲಲ್ಲಿ ಚಿಲಕದ ಬೆಸುಗೆ ಬಿಟ್ಟಿತ್ತು. ಐದು ನಿಮಿಷದ ಕೆಲಸ. ನಂಜುಂಡಸ್ವಾಮಿ ಎರಡೂ ಕೈ ಜೋಡಿಸಿ, "ಇವತ್ತು ಹತಾರ ಮುಟ್ಟಂಗಿಲ್ಲ ಸಾರ್. ನಿಮ್ಗೆ ನಾಯಿ ಎಂಗೋ ನಮ್ಗೆ ಶಾಸ್ತ್ರ ಅಂಗೆ" ಎಂದು ಒಂದು ಪೊಟ್ಟಣ ಕಡಲೆಪುರಿ ಕೊಟ್ಟು ಸಾಗಹಾಕಿದ್ದ. ಓದಿದವರಿಗೆ ಶಾಸ್ತ್ರ ಕಲಿಸಿದ ಈ ಸಾಧನೆಯನ್ನು ಟೀ ಅಂಗಡಿಯಲ್ಲಿ ವರ್ಷಪೂರ್ತಿ ಹೇಳಿಕೊಂಡೂ ಇದ್ದ.

ಈ ವರ್ಷ ಶಾಸ್ತ್ರ ಇನ್ನೊಂದು ಮೆಟ್ಟಿಲು ಏರಿತು. ಪೂಜೆ ಮುಗಿಯುವ ತನಕ ಯಾರ ಬಾಯಿಗೂ ತುತ್ತು ಹೋಗಕೂಡದು, ನಾಯಿ ಬೋಲ್ಟನ ಬಾಯಿಗೂ.

"ನಾಯಿಗೂ ಎಂತ ಉಪವಾಸ ಕಣ್ರೀ?" ಎಂದಳು ಕುಸುಮ.

"ಅದೂ ಅಂಗಡಿದೇ ಅಲ್ವಾ? ಸುಮ್ಕಿರು."

ಬೋಲ್ಟ ಒಂಬತ್ತು ವರ್ಷದ ಹಿಂದೆ ಕಬ್ಬಿಣದ ರಾಶಿಯ ಸಂದಿಯಲ್ಲಿ ಸಿಕ್ಕ ಕಂದು ಮರಿ. ಅದನ್ನು ಮಗ, ಚಿನ್ನ ಎಂದು ಮುದ್ದಿಸುವ ಜಾತಿಯವನಲ್ಲ ನಂಜುಂಡಸ್ವಾಮಿ. ಆದರೆ ಅವನ ತಟ್ಟೆಯ ಮುದ್ದೆಯ ಮೊದಲ ತುತ್ತು ದಿನವೂ ಅದಕ್ಕೇ ಹೋಗುತ್ತಿತ್ತು. ಅಂದು ಮೊದಲ ಬಾರಿಗೆ ಹೋಗಲಿಲ್ಲ.

ಮಧ್ಯಾಹ್ನ ಮಂಗಳಾರತಿಯಾಯಿತು. ನಂಜುಂಡಸ್ವಾಮಿ ಬೂದುಗುಂಬಳಕಾಯಿಯ ತಲೆ ಕೊರೆದು, ಕುಂಕುಮ ಮತ್ತು ಕಾಸು ತುಂಬಿ, ಕಾರಿಗೆ ಮೂರು ಸುತ್ತು ನೀವಾಳಿಸಿ ರಸ್ತೆಗೆ ಅಪ್ಪಳಿಸಿದ. ಬೀದಿಯ ಮಕ್ಕಳು ಕಾಸು ಆರಿಸಿಕೊಂಡು ಓಡಿದರು. ಹಸಿದ ಬೋಲ್ಟ ಹೋಳುಗಳಿಗೆ ಬಾಯಿ ಹಾಕಿತು. ಕುಸುಮ ಕೂಗಿಕೊಂಡಳು.

"ತಿನ್ಲಿ ಬುಡು, ಕುಂಬಳಕಾಯಿ ತಂಪು" ಎಂದ ಯಜಮಾನ, ಬಾಯಿತುಂಬ ಪುರಿ ಇಟ್ಟುಕೊಂಡು.

ಸಂಜೆ ನಾಲ್ಕಕ್ಕೆ ಬೋಲ್ಟ ಅಂಗಳದಲ್ಲಿ ಕೆಂಪಗೆ ವಾಂತಿ ಮಾಡಿತು. ಮತ್ತೆ ಮಾಡಿತು. ಮೂರನೆಯ ಸಲ ಕಾಲು ಮಡಚಿ ಬಿದ್ದುಕೊಂಡಿತು.

"ರಕ್ತ ಕಣೇ! ರಕ್ತ ಕಕ್ತಾ ಅದೆ!" ನಂಜುಂಡಸ್ವಾಮಿಯ ದನಿ ಪಕ್ಕದ ಕೇಸರೆ ಬಡಾವಣೆಯವರೆಗೂ ಕೇಳಿಸಿರಬೇಕು. "ಯಾರ್ದೋ ದೃಷ್ಟಿ ತಾಕ್ಬುಡ್ತು!"

"ಕಾರಿನ ದೃಷ್ಟಿ ನೀವೇ ತೆಗೆದು ನಾಯಿ ಬಾಯಿಗೆ ಹಾಕಿದ್ರಿ. ಈಗ ನಡೀರಿ" ಎಂದು ಕುಸುಮ ಬೋಲ್ಟನನ್ನು ಎತ್ತಿಕೊಂಡು ಕಾರು ಹತ್ತಿದಳು. ಹೊಸ ಸೀಟಿನ ಮೇಲೆ ಕೆಂಪು ಹರಿದರೂ ಅವನು ತಿರುಗಿ ನೋಡಲಿಲ್ಲ.

ಹಬ್ಬದ ದಿನ ತೆರೆದಿದ್ದ ಕ್ಲಿನಿಕ್ಕು ಒಂದೇ. ಅದು ಯಾರದೆಂದು ನಂಜುಂಡಸ್ವಾಮಿಗೆ ನೆನಪಾಗಿದ್ದು ಬಾಗಿಲಲ್ಲಿ ನಿಂತಾಗ.

"ಏನ್ ತಿಂದಿತ್ತು?" ಎಂದರು ಡಾಕ್ಟರು.

"ಏನೂ ಇಲ್ಲ ಸಾರ್. ಬೆಳಗ್ಗಿಂದ ಉಪವಾಸ."

ಡಾಕ್ಟರು ಬೋಲ್ಟನ ಮೂತಿಯ ಕೆಂಪನ್ನು ಹತ್ತಿಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. "ರಕ್ತ ಅಲ್ಲ ಇದು, ಕುಂಕುಮ. ಯಾರೋ ಒಡೆದ ಕುಂಬಳಕಾಯಿ ತಿಂದಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಂಜುಂಡಸ್ವಾಮಿ ಹಬ್ಬದ ಅಂಗಿಯ ಮೇಲಿನ ಕುಂಕುಮವನ್ನು ಕೊಡವತೊಡಗಿದ. ಉಳಿದದ್ದನ್ನೆಲ್ಲ ಕುಸುಮ ಒಂದೂ ಬಿಡದೆ ಹೇಳಿದಳು, ಉಪವಾಸದಿಂದ ಹಿಡಿದು ತಂಪಿನವರೆಗೆ.

"ಕಾಸು ನುಂಗಿರಬಹುದು. ಎಕ್ಸ್‌ರೇ ತೆಗೀಬೇಕು." ಮೂಲೆಯಲ್ಲಿ ಎಕ್ಸ್‌ರೇ ಯಂತ್ರ ಮೂರು ಪಟ್ಟೆ ವಿಭೂತಿ, ಸೇವಂತಿಗೆ ಹಾರ ಧರಿಸಿ ಕೂತಿತ್ತು. ಡಾಕ್ಟರು ಅದನ್ನೊಮ್ಮೆ, ಇವನನ್ನೊಮ್ಮೆ ನೋಡಿದರು. "ಆದ್ರೆ ಇವತ್ತು ಹತಾರ ಮುಟ್ಟೋ ಹಾಗಿಲ್ವಲ್ಲ ಸ್ವಾಮಿ? ಒಂದು ಪೊಟ್ಟಣ ಕಡಲೆಪುರಿ ಕಟ್ಕೊಡ್ಲಾ?"

ಹೀಗೆ ಹೇಳುತ್ತಲೇ ಅವರು ಸ್ವಿಚ್ಚು ಒತ್ತಿಯಾಗಿತ್ತು. ನಂಜುಂಡಸ್ವಾಮಿಗೆ ಅದು ಕಾಣಲಿಲ್ಲ. ಅವನು ತಾನೇ ಹೋಗಿ ಹಾರ ತೆಗೆದ. ನೆಲಕ್ಕೆ ಇಡುವಂತಿಲ್ಲ, ಬೇರೆ ಜಾಗವಿಲ್ಲ. ಕೊನೆಗೆ ತನ್ನ ಕೊರಳಿಗೇ ಹಾಕಿಕೊಂಡ. ಬೋಲ್ಟನನ್ನು ಮಲಗಿಸಿ ಎಕ್ಸ್‌ರೇ ಮುಗಿಸುವವರೆಗೂ ಸನ್ಮಾನಕ್ಕೆ ಬಂದ ಗಣ್ಯರ ಹಾಗೆ ಗೋಡೆಗೆ ಆತುಕೊಂಡು ನಿಂತಿದ್ದ.

ಪರದೆಯಲ್ಲಿ ಪಕ್ಕೆಲುಬುಗಳ ಹಿಂದೆ ಒಂದು ದುಂಡನೆಯ ಬಿಳಿ ಬಿಲ್ಲೆ ಕಂಡಿತು.

"ಜಠರದಲ್ಲೇ ಇದೆ. ವಾಂತಿ ಮಾಡಿಸಿ ನೋಡ್ತೀನಿ. ಕರುಳಿಗೆ ಇಳಿದು ಸಿಕ್ಕೊಂಡ್ರೆ ಹೊಟ್ಟೆ ಕುಯ್ಯಬೇಕಾಗುತ್ತೆ. ವಯಸ್ಸಾದ ನಾಯಿ, ತಡೆಯುತ್ತೆ ಅಂತ ಹೇಳೋಕಾಗಲ್ಲ."

ನಂಜುಂಡಸ್ವಾಮಿಗೆ ಆಗ ನಿಜವಾಗಿ ಭಯವಾಯಿತು. ಬೆಳಗ್ಗೆ ಒಂದು ತುತ್ತು ಮುದ್ದೆ ಹಾಕಿದ್ದರೆ ಮುಗಿಯುತ್ತಿತ್ತು. ಅಷ್ಟೇ ಆಗಿತ್ತು ಅದು ಕೇಳಿದ್ದು. ಅವನು ಬೋಲ್ಟನ ತಲೆ ಹಿಡಿದುಕೊಂಡು, ಹಾರದ ಸಮೇತ ಅತ್ತ. ಡಾಕ್ಟರು ಸೂಜಿ ಚುಚ್ಚಿದರು. ಹತ್ತು ನಿಮಿಷದ ಮೇಲೆ, ಕುಂಬಳಕಾಯಿಯ ನಾರಿನ ಜೊತೆ ಕಾಸು ಟಣ್ಣೆಂದು ತಟ್ಟೆಗೆ ಬಿತ್ತು.

"ಬೆಳಗಿನವರೆಗೆ ಇಲ್ಲೇ ಇರ್ಲಿ, ಡ್ರಿಪ್ ಹಾಕ್ತೀನಿ" ಎಂದು ಡಾಕ್ಟರು ಬೋಲ್ಟನನ್ನು ಬೋನಿನೊಳಗೆ ಮಲಗಿಸಿ, ಬಾಗಿಲಿಗೆ ತಂತಿ ಸುತ್ತತೊಡಗಿದರು. ಹೋದ ವರ್ಷದ ಅದೇ ಬಾಗಿಲು. ತಂತಿ ತುಕ್ಕು ಹಿಡಿದಿತ್ತು.

ನಂಜುಂಡಸ್ವಾಮಿ ಡಾಕ್ಟರ ಕೈಯಿಂದ ತಂತಿ ಬಿಡಿಸಿಕೊಂಡು, ಬಾಗಿಲನ್ನು ಕೀಲಿನಿಂದ ಎತ್ತಿ ಕಾರಿಗೆ ಹಾಕಿದ. ಬೋಲ್ಟ ಹೊರಗೆ ಬಾರದಂತೆ ಕುಸುಮ ಬೋನಿಗೆ ಬೆನ್ನು ಕೊಟ್ಟು ಕೂತಳು.

ಅಂಗಡಿಯಲ್ಲಿ ಬಾಳೆಕಂದಿನ ನಡುವೆ ವೆಲ್ಡಿಂಗ್ ಯಂತ್ರದ ಮುಂದೆ ಆರಿದ ಊದುಬತ್ತಿಗಳು ಇನ್ನೂ ನಿಂತಿದ್ದವು. ನಂಜುಂಡಸ್ವಾಮಿ ಅವನ್ನು ಪಕ್ಕಕ್ಕೆ ಸರಿಸಿ, ಕುಂಕುಮ ಹತ್ತಿದ ಹಿಡಿಯನ್ನು ಹಿಡಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆಯುಧಪೂಜೆಯ ಸಂಜೆ ಆ ಅಂಗಡಿಯಿಂದ ನೀಲಿ ಬೆಳಕು ರಸ್ತೆಗೆ ಬಿತ್ತು. ಐದು ನಿಮಿಷ ಹಿಡಿಯಿತು.

ವಾಪಸು ಬಂದು ಬಾಗಿಲು ಕೂರಿಸಿ ಚಿಲಕ ಹಾಕಿದ. ಬೋಲ್ಟ ಒಳಗಿನಿಂದ ಕಾಲಲ್ಲಿ ಒಮ್ಮೆ ತಳ್ಳಿ ನೋಡಿತು. ಬಾಗಿಲು ಅಲುಗಲಿಲ್ಲ.

"ಗಟ್ಟಿಯಾಗಿ ಅದೆ ಸಾರ್" ಎಂದ ನಂಜುಂಡಸ್ವಾಮಿ, ಡಾಕ್ಟರ ಮುಖ ನೋಡದೆ. "ಒಂದ್ ವರ್ಷ ಲೇಟಾಗೋಯ್ತು."